ಎ4 ಅಳತೆಯ ಕಡೆಗೆ: ಬರೆಯಬಲ್ಲ ಎಲೆಕ್ಟ್ರಾನಿಕ್ ಕಾಗದದ ಇತಿಹಾಸ

ಓದಲೂ ಬರೆಯಲೂ ಬರುವ ದೊಡ್ಡ ಇ-ಇಂಕ್ ಟ್ಯಾಬ್ಲೆಟ್ ಎಂದರೆ ಹತ್ತರಿಂದ ಹದಿಮೂರು ಇಂಚಿನ ಒಂದು ಬೂದುಬಿಳಿ ಪರದೆ, ಜೊತೆಗೊಂದು ಪೆನ್ನು. ಮೊಬೈಲಿನ ಪರದೆ ತಾನೇ ಬೆಳಕು ಬೀರುತ್ತದೆ. ಇದು ಮುದ್ರಿತ ಹಾಳೆಯ ಹಾಗೆ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಬಿಸಿಲಿಗೆ ಹಿಡಿದರೆ ಅಕ್ಷರ ಇನ್ನಷ್ಟು ನಿಚ್ಚಳವಾಗುತ್ತದೆ. ಪುಟ ಬದಲಾಗುವ ಕ್ಷಣಕ್ಕಷ್ಟೇ ಪರದೆಗೆ ವಿದ್ಯುತ್ ಬೇಕು, ಬದಲಾದ ಪುಟ ವಿದ್ಯುತ್ತಿಲ್ಲದೆಯೂ ಹಾಗೆಯೇ ನಿಲ್ಲುತ್ತದೆ. ಇಂಥ ವಸ್ತು ಸಾಮಾನ್ಯ ಗ್ರಾಹಕರ ಕೈಗೆಟುಕಿದ್ದು 2010ರ ದಶಕದ ಕೊನೆಯ ವರ್ಷಗಳಲ್ಲಿ. ಅದರ ಕಲ್ಪನೆ ಮಾತ್ರ ಅದಕ್ಕಿಂತ ನಲವತ್ತೈವತ್ತು ವರ್ಷ ಹಳೆಯದು. ಸಂಶೋಧಕರು ಮೊದಲು ಬಯಸಿದ್ದು ದೊಡ್ಡ ಪುಟವನ್ನು ಮತ್ತು ಅದರ ಮೇಲೆ ಬರೆಯುವ ಪೆನ್ನನ್ನು. ಮೊದಲು ತಯಾರಾಗಿ ಬಂದದ್ದು ಅಂಗೈಯಗಲದ, ಬರೆಯಲು ಬಾರದ, ಕಾದಂಬರಿ ಓದುವುದಕ್ಕಷ್ಟೇ ಸಾಲುವ ಯಂತ್ರ. ಈ ಎರಡರ ನಡುವಿನ ಅಂತರ ಹೇಗೆ ಹುಟ್ಟಿತು, ಹೇಗೆ ತುಂಬಿತು ಎಂಬುದರಲ್ಲೇ ಈ ವಸ್ತುವಿನ ಇತಿಹಾಸ ಅಡಗಿದೆ.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಆಲನ್ ಕೇ 1968ರಲ್ಲಿ ರಟ್ಟಿನಿಂದ ಒಂದು ಮಾದರಿ ಮಾಡಿಕೊಂಡರು. ಅದರೊಳಗೆ ಸೀಸದ ಗುಂಡುಗಳನ್ನು ತುಂಬಿ, ಎಷ್ಟು ತೂಕವಾದರೆ ಹೊತ್ತು ತಿರುಗುವುದಕ್ಕೆ ಆಗುತ್ತದೆ ಎಂದು ಕೈಯಲ್ಲಿ ಹಿಡಿದು ನೋಡಿದರು. 1972ರಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದಾಗ, ಅದೇ ಕಲ್ಪನೆಯನ್ನು ಡೈನಾಬುಕ್ ಎಂಬ ಹೆಸರಿನಲ್ಲಿ ಬರೆದು ಮುಂದಿಟ್ಟರು. ನೋಟ್‌ಬುಕ್ಕಿನಷ್ಟು ಅಗಲ, ನಾಲ್ಕು ಪೌಂಡು ಮೀರದ ತೂಕ. ಮಕ್ಕಳು ಅದರಲ್ಲಿ ಓದಬೇಕು, ಬರೆಯಬೇಕು, ಚಿತ್ರ ಬಿಡಿಸಬೇಕು. ಅಂದಿನ ಕಂಪ್ಯೂಟರುಗಳು ಕೋಣೆ ತುಂಬುವಂಥವು. ಕೇ ಬಯಸಿದ ಪರದೆಯನ್ನು ಮಾಡುವ ವಿಧಾನ ಆಗ ಯಾರಿಗೂ ತಿಳಿದಿರಲಿಲ್ಲ.

ಅದೇ ಕೇಂದ್ರದಲ್ಲಿ ನಿಕ್ ಶೆರಿಡನ್ ಎಂಬ ಭೌತವಿಜ್ಞಾನಿ ಕೆಲಸ ಮಾಡುತ್ತಿದ್ದರು. ಅಲ್ಲಿ ತಯಾರಾದ ಆಲ್ಟೊ ಕಂಪ್ಯೂಟರಿನ ಪರದೆ ಮಂಕಾಗಿತ್ತು, ಅದನ್ನು ನೋಡಬೇಕಾದರೆ ಕೋಣೆಯ ಬೆಳಕು ತಗ್ಗಿಸಬೇಕಾಗುತ್ತಿತ್ತು. ಕಾಗದದಂತೆ ಬೆಳಕಿನಲ್ಲೇ ಕಾಣುವ ಪರದೆ ಬೇಕೆಂದು ಹೊರಟ ಶೆರಿಡನ್, ಒಂದು ಬದಿ ಬಿಳಿ, ಇನ್ನೊಂದು ಬದಿ ಕಪ್ಪು ಇರುವ ಸಣ್ಣ ಗುಂಡುಗಳನ್ನು ಸಿಲಿಕೋನ್ ರಬ್ಬರಿನ ತೆಳು ಹಾಳೆಯೊಳಗೆ ಹುದುಗಿಸಿದರು. ಪ್ರತಿ ಗುಂಡೂ ಎಣ್ಣೆ ತುಂಬಿದ ತನ್ನದೇ ಗೂಡಿನಲ್ಲಿ ತೇಲುತ್ತಿತ್ತು. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಮಗುಚಿಕೊಂಡು ಇನ್ನೊಂದು ಬದಿ ತೋರಿಸುತ್ತಿತ್ತು. ಈ ಹಾಳೆಗೆ ಅವರು ಗೈರಿಕಾನ್ ಎಂದು ಹೆಸರಿಟ್ಟರು. ಕಂಪನಿಯ ಆಸಕ್ತಿ ಇದ್ದದ್ದು ಮುದ್ರಣದಲ್ಲಿ. ಮೇಲಿನವರು ಆ ಕಡೆ ಗಮನ ಕೊಡಲು ಹೇಳಿದ್ದರಿಂದ ಗೈರಿಕಾನ್ ಸುಮಾರು ಒಂದೂವರೆ ದಶಕ ಮೂಲೆಗೆ ಬಿತ್ತು. ಕಚೇರಿಗಳಲ್ಲಿ ಜನ ಓದುವುದಕ್ಕೆಂದೇ ಮುದ್ರಿಸಿಕೊಂಡು, ಓದಿ ಮುಗಿದ ಕೂಡಲೇ ಕಾಗದವನ್ನು ಬುಟ್ಟಿಗೆ ಹಾಕುವುದನ್ನು ನೋಡಿದ ಮೇಲೆ ಶೆರಿಡನ್ ಮತ್ತೆ ಅದನ್ನು ಕೈಗೆತ್ತಿಕೊಂಡರು. 2000ದಲ್ಲಿ ಅದಕ್ಕಾಗಿ ಪ್ರತ್ಯೇಕ ಕಂಪನಿಯೇ ಆಯಿತು. ಅಂಗಡಿಯ ಸೂಚನಾ ಫಲಕಗಳನ್ನು ದಾಟಿ ಅದು ಮುಂದೆ ಬರಲಿಲ್ಲ. 2005ರಲ್ಲಿ ಕಂಪನಿ ಬಾಗಿಲು ಹಾಕಿತು.

ಗೆದ್ದ ವಿಧಾನ ಬೇರೆಯದು, ಅದರ ಬೇರು ಇರುವುದು ಜಪಾನಿನಲ್ಲಿ. ಮತ್ಸುಶಿತಾ ಕಂಪನಿಯ ಇಸಾವೊ ಓಟಾ 1970ರ ಆಸುಪಾಸಿನಲ್ಲಿ, ಬಣ್ಣದ ದ್ರವದಲ್ಲಿ ತೇಲುವ ವಿದ್ಯುದಂಶವುಳ್ಳ ಕಣಗಳನ್ನು ಎರಡು ಗಾಜಿನ ನಡುವೆ ಮೇಲೆ ಕೆಳಗೆ ಓಡಿಸಿ ಚಿತ್ರ ಮೂಡಿಸಿದರು. ವಿಧಾನ ಸರಳವಾಗಿತ್ತು, ಆದರೆ ಬಾಳಿಕೆ ಬರಲಿಲ್ಲ. ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತಿದ್ದವು, ಪಕ್ಕಕ್ಕೆ ಸರಿದು ಒಂದೆಡೆ ಗುಂಪಾಗುತ್ತಿದ್ದವು, ಕೆಲವು ಕಾಲದ ಮೇಲೆ ತಳಕ್ಕಿಳಿದು ಕೂರುತ್ತಿದ್ದವು. ಎರಡೂವರೆ ದಶಕ ಈ ತೊಡಕು ಬಿಡಿಸಲಾಗದೆ ಉಳಿಯಿತು.

ಬಿಡಿಸಿದ್ದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನ ಜೋಸೆಫ್ ಜೇಕಬ್‌ಸನ್ ಮತ್ತು ಅವರ ಇಬ್ಬರು ಪದವಿ ವಿದ್ಯಾರ್ಥಿಗಳು, ಬ್ಯಾರೆಟ್ ಕೊಮಿಸ್ಕಿ ಮತ್ತು ಜೆ.ಡಿ. ಆಲ್ಬರ್ಟ್. ಜೇಕಬ್‌ಸನ್ನರಿಗೆ ಬೇಕಿದ್ದದ್ದು ನೂರಾರು ಹಾಳೆಗಳ ನಿಜವಾದ ಪುಸ್ತಕ. ಆ ಹಾಳೆಗಳ ಮೇಲಿನ ಅಕ್ಷರ ತಾನೇ ಬದಲಾಗಿ ಒಂದೇ ಪುಸ್ತಕ ಬೇಕಾದ ಪುಸ್ತಕವಾಗಬೇಕು ಎಂಬುದು ಅವರ ಆಸೆ. ವಿದ್ಯಾರ್ಥಿಗಳಿಬ್ಬರು ಪ್ರಯೋಗದ ಮೇಲೆ ಪ್ರಯೋಗ ಮಾಡಿ, 1997ರ ಹೊತ್ತಿಗೆ ಕಣ ಮತ್ತು ದ್ರವವನ್ನು ಕೂದಲೆಳೆಯ ದಪ್ಪದ ಪಾರದರ್ಶಕ ಕೋಶಗಳೊಳಗೆ ಮುಚ್ಚಿಡುವುದನ್ನು ಸಾಧಿಸಿದರು. ಕಣಗಳು ಕೋಶದ ಆಚೆ ಹೋಗಲಾರವು, ಹೀಗಾಗಿ ಪಕ್ಕಕ್ಕೆ ಸರಿದು ಗುಂಪಾಗುವ ಸಮಸ್ಯೆ ಒಮ್ಮೆಲೇ ಕಳೆಯಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು: ಕೋಶಗಳನ್ನು ಅಂಟಿನಲ್ಲಿ ಕಲಸಿ ಬಣ್ಣ ಬಳಿಯುವ ಹಾಗೆ ಯಾವುದೇ ಅಗಲದ ಹಾಳೆಯ ಮೇಲೆ ಬಳಿಯಬಹುದಾಗಿತ್ತು. ಅದೇ ವರ್ಷ ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಇ ಇಂಕ್ ಕಂಪನಿ ಹುಟ್ಟಿತು. 1998ರ ಜುಲೈಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಸಂಶೋಧನೆ ಪ್ರಕಟವಾಯಿತು.

ಈಗ ಬಳಕೆಯಲ್ಲಿರುವ ರೂಪದಲ್ಲಿ ಒಂದೊಂದು ಕೋಶದೊಳಗೂ ತಿಳಿ ಎಣ್ಣೆಯಂಥ ದ್ರವವಿದೆ. ಅದರಲ್ಲಿ ಧನ ವಿದ್ಯುದಂಶದ ಬಿಳಿ ಕಣಗಳೂ ಋಣ ವಿದ್ಯುದಂಶದ ಕಪ್ಪು ಕಣಗಳೂ ತೇಲುತ್ತಿರುತ್ತವೆ. ಗೋಡೆಯ ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡೇ ಬಿಳಿಯ ಮೂಲ. ಕೋಶಗಳ ಹಾಳೆಯ ಕೆಳಗೆ ಸಣ್ಣ ಸಣ್ಣ ಚೌಕಗಳಾಗಿ ವಿದ್ಯುತ್ ಹರಿಸುವ ಪದರವಿದೆ. ಒಂದು ಚೌಕಕ್ಕೆ ಋಣ ವಿದ್ಯುತ್ ಕೊಟ್ಟರೆ ಬಿಳಿ ಕಣಗಳು ಕೆಳಗಿಳಿದು ಕಪ್ಪು ಕಣಗಳು ಮೇಲೇಳುತ್ತವೆ, ಅಲ್ಲೊಂದು ಚುಕ್ಕಿ ಮೂಡುತ್ತದೆ. ಕಣಗಳು ಮಂದವಾದ ದ್ರವದಲ್ಲಿ ನಿಜವಾಗಿಯೂ ಈಜಿ ಹೋಗಬೇಕು, ಹಾಗಾಗಿ ಅದಕ್ಕೆ ಸಮಯ ಹಿಡಿಯುತ್ತದೆ. ಚಳಿಯಲ್ಲಿ ದ್ರವ ಇನ್ನಷ್ಟು ಮಂದವಾಗುವುದರಿಂದ ಇನ್ನೂ ಹೆಚ್ಚು ಸಮಯ ಬೇಕಾಗುತ್ತದೆ. ಹಿಂದಿನ ಪುಟದ ಕಣಗಳು ಪೂರ್ತಿ ಹಿಂತಿರುಗದೆ ಅಲ್ಲಲ್ಲಿ ಉಳಿದರೆ ಹೊಸ ಪುಟದಡಿ ಹಳೆಯ ಅಕ್ಷರದ ಮಸುಕು ನೆರಳು ಕಾಣುತ್ತದೆ. ಅದನ್ನು ಅಳಿಸಲು ಯಂತ್ರ ಇಡೀ ಪುಟವನ್ನು ಒಮ್ಮೆ ಕಪ್ಪು, ಒಮ್ಮೆ ಬಿಳಿ ಮಾಡಿ ತೊಳೆಯುತ್ತದೆ. ಇ-ಇಂಕ್ ಯಂತ್ರವನ್ನು ಮೊದಲ ಸಲ ಕೈಗೆತ್ತಿಕೊಂಡವರ ಕಣ್ಣಿಗೆ ತಕ್ಷಣ ಹೊಡೆಯುವುದು ಈ ಕಪ್ಪು ಮಿಟುಕು. ಎರಡು ಮೂರು ದಿನದಲ್ಲಿ ಅದು ಗಮನಕ್ಕೆ ಬರುವುದು ನಿಂತುಹೋಗುತ್ತದೆ ಎಂಬುದೂ ಬಳಸಿದವರೆಲ್ಲರ ಅನುಭವ.

ಶಾಯಿ ಎಷ್ಟು ಅಗಲಕ್ಕೆ ಬೇಕಾದರೂ ಬಳಿಯಲು ಬರುವಂತಿದ್ದರೂ ಅದರ ಕೆಳಗಿನ ವಿದ್ಯುತ್ ಪದರವನ್ನು ಗಾಜಿನ ಮೇಲೆ ಮಾಡಬೇಕಿತ್ತು. ಗಾಜು ದೊಡ್ಡದಾದಷ್ಟೂ ಬೆಲೆ ಏರುತ್ತದೆ, ತೂಕ ಏರುತ್ತದೆ, ಬಿದ್ದರೆ ಒಡೆಯುವ ಸಂಭವವೂ ಏರುತ್ತದೆ. ಮೊದಲ ಯಂತ್ರಗಳು ಚಿಕ್ಕವಾದದ್ದು ಈ ಕಾರಣಕ್ಕೆ. ಫಿಲಿಪ್ಸ್ ಮತ್ತು ಇ ಇಂಕ್ ಜೊತೆ ಸೇರಿ ಸೋನಿ ಕಂಪನಿ 2004ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಲಿಬ್ರಿಯೆಯ ಪರದೆ ಆರು ಇಂಚಿನದು. ಅಕ್ಷರ ಮುದ್ರಣದಷ್ಟು ಚೊಕ್ಕವಾಗಿದ್ದರೂ ಅದಕ್ಕಾಗಿ ಕೊಂಡ ಪುಸ್ತಕ 60 ದಿನದ ಮೇಲೆ ತೆರೆಯುತ್ತಿರಲಿಲ್ಲ. ಓದುಗರು ಅದನ್ನು ಒಪ್ಪಲಿಲ್ಲ. 2007ರ ನವೆಂಬರ್ 19ರಂದು ಅಮೆಜಾನ್ ಕಿಂಡಲ್ ತಂದಾಗಲೂ ಪರದೆ ಅದೇ ಆರು ಇಂಚು, ಸುಮಾರು 122 ಮಿಲಿಮೀಟರ್ ಉದ್ದ, 91 ಮಿಲಿಮೀಟರ್ ಅಗಲ. ಮೊದಲ ಸರಕು ಐದೂವರೆ ಗಂಟೆಯಲ್ಲಿ ಖಾಲಿಯಾಯಿತು. ಕಾದಂಬರಿಯ ಸಾಲುಗಳನ್ನು ಪರದೆಗೆ ತಕ್ಕಂತೆ ಮುರಿದು ಜೋಡಿಸಬಹುದು, ಹೀಗಾಗಿ ಕಾದಂಬರಿ ಓದುವವರಿಗೆ ಈ ಅಳತೆ ಸಾಕಾಯಿತು.

ಆದರೆ ಪುಟವೆಂದರೆ ಬರಿಯ ಸಾಲುಗಳಷ್ಟೇ ಆಗದ ಓದು ಬಹಳಷ್ಟಿದೆ. ಎರಡು ಕಾಲಮ್ಮಿನ ವೈಜ್ಞಾನಿಕ ಲೇಖನ, ಅಡಿಟಿಪ್ಪಣಿ ತುಂಬಿದ ಸಂಶೋಧನ ಗ್ರಂಥ, ಕೋರ್ಟಿನ ಕಡತ, ಗಣಿತದ ಪಠ್ಯ, ಸಂಗೀತದ ಸ್ವರಲಿಪಿ, ತಿದ್ದಬೇಕಾದ ಕರಡು ಪ್ರತಿ — ಇವುಗಳಲ್ಲಿ ಯಾವುದು ಎಲ್ಲಿದೆ ಎಂಬುದಕ್ಕೇ ಅರ್ಥವಿದೆ. ಇವನ್ನು ಓದುವವರ ಕೈಯಲ್ಲಿ ಪೆನ್ನಿರುತ್ತದೆ, ಅವರ ಓದಿನ ಅರ್ಧ ನಡೆಯುವುದು ಪುಟದ ಅಂಚಿನಲ್ಲಿ. ದೊಡ್ಡ ಪರದೆಗಾಗಿ ಕಾದು ಕೂತಿದ್ದವರು ಇವರೇ.

ಇವರಿಗೆ ಮೊದಲು ಉತ್ತರ ಕೊಟ್ಟದ್ದು ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್‌ನಿಂದ ಬೇರೆಯಾಗಿ ಹೊರಬಂದ ಐರೆಕ್ಸ್ ಕಂಪನಿ. 2006ರಲ್ಲಿ ಅದು ತಂದ ಇಲಿಯಾಡ್ ಯಂತ್ರದ ಪರದೆ 8.1 ಇಂಚಿನದು, 16 ಬಗೆಯ ಬೂದು ತೋರಿಸುವಂಥದು, ಜೊತೆಗೆ ಬರೆಯುವ ಪೆನ್ನಿತ್ತು. ಬೆಲ್ಜಿಯಂನ ಹಣಕಾಸು ದಿನಪತ್ರಿಕೆ 'ದೆ ತೈದ್' ಅದೇ ವರ್ಷ 200 ಓದುಗರ ಕೈಗೆ ಈ ಯಂತ್ರ ಕೊಟ್ಟು ಪತ್ರಿಕೆಯನ್ನು ಅದರಲ್ಲೇ ತಲುಪಿಸಿ ನೋಡಿತು. 2008ರಲ್ಲಿ ಐರೆಕ್ಸ್ 10.2 ಇಂಚಿನ ಇನ್ನೊಂದು ಯಂತ್ರ ತಂದಿತು. ಬ್ಯಾಟರಿ ಬೇಗ ಮುಗಿಯುತ್ತಿತ್ತು, ತಂತ್ರಾಂಶ ನಿಧಾನ, ಬೆಲೆ ವಿಪರೀತ. ಹಾಗಿದ್ದೂ ಓದುವ ಪುಟ ಮತ್ತು ಬರೆಯುವ ಪುಟ ಒಂದೇ ಆಗಿರಬೇಕು ಎಂಬ ಮಾತನ್ನು ಮಾರುಕಟ್ಟೆಗೆ ಮೊದಲು ತಂದವರು ಇವರು. ಆ ಶ್ರೇಯಸ್ಸು ಅವರಿಗೆ ಸಲ್ಲಬೇಕು.

ಅಮೆಜಾನ್ 2009ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪೇಸ್ ವಿಶ್ವವಿದ್ಯಾಲಯದಲ್ಲಿ ಕಿಂಡಲ್ ಡಿಎಕ್ಸ್ ಎಂಬ 9.7 ಇಂಚಿನ ಯಂತ್ರವನ್ನು 489 ಡಾಲರಿಗೆ ಪ್ರಕಟಿಸಿತು. ಗುರಿ ಪಠ್ಯಪುಸ್ತಕ. ಪ್ರಿನ್ಸ್‌ಟನ್, ಅರಿಜೋನಾ ಸ್ಟೇಟ್, ರೀಡ್ ಮೊದಲಾದ ಕೆಲವು ವಿದ್ಯಾಸಂಸ್ಥೆಗಳಲ್ಲಿ ಅದನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷಿಸಲಾಯಿತು. ಈ ಪರೀಕ್ಷೆ ಕಲಿಸಿದ ಪಾಠಗಳು ಯಂತ್ರಕ್ಕಿಂತ ಹೆಚ್ಚು ಕಾಲ ಉಳಿದವು. ಪ್ರಿನ್ಸ್‌ಟನ್ನಿನಲ್ಲಿ ಆ ತರಗತಿಗಳ ಮುದ್ರಣ ಅರ್ಧದಷ್ಟು ಇಳಿಯಿತು, ಅದು ಗೆಲುವೇ. ಆದರೆ ವಿದ್ಯಾರ್ಥಿಗಳ ದೂರು ಒಂದೇ ಕಡೆ ತಿರುಗಿತ್ತು: ಗೆರೆ ಎಳೆಯುವಂತಿಲ್ಲ, ಅಂಚಿನಲ್ಲಿ ಬರೆಯುವಂತಿಲ್ಲ, ಪುಟಗಳನ್ನು ಸರ್ರನೆ ಮಗುಚಿ ಹಿಂದಿನದನ್ನು ಹುಡುಕುವಂತಿಲ್ಲ. ಪರದೆಯ ಕೆಳಗಿದ್ದ ಕಿರಿಗೀಲಿಗಳ ಕೀಲಿಮಣೆಯಲ್ಲಿ ಟಿಪ್ಪಣಿ ಒತ್ತಿ ದಾಖಲಿಸುವುದು ಯಾರಿಗೂ ಸೇರಲಿಲ್ಲ. ಕಣ್ಣು ಕಾಣದವರು ಅದರ ಮೆನುಗಳನ್ನು ಬಳಸಲಾಗದು ಎಂದು ಅಂಧರ ಸಂಘಟನೆಗಳು ಅರಿಜೋನಾ ಸ್ಟೇಟ್ ವಿರುದ್ಧ ನ್ಯಾಯಾಲಯಕ್ಕೆ ಹೋದವು. 2010ರ ಜನವರಿಯಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಪುಟ ದೊಡ್ಡದಾದರೆ ಸಾಲದು, ಪೆನ್ನೂ ಬೇಕು ಎಂಬುದು ಇಲ್ಲಿ ಸಂಶಯಕ್ಕೆಡೆಯಿಲ್ಲದೆ ಗೊತ್ತಾಯಿತು.

2010 ದೊಡ್ಡ ಪರದೆಗಳ ಪಾಲಿಗೆ ಕೆಟ್ಟ ವರ್ಷ. ಇಂಗ್ಲೆಂಡಿನ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದ ಸಂಶೋಧನೆಯಿಂದ ಹುಟ್ಟಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕಾರ್ಖಾನೆ ಕಟ್ಟಿದ್ದ ಪ್ಲಾಸ್ಟಿಕ್ ಲಾಜಿಕ್ ಕಂಪನಿ, ಗಾಜಿಲ್ಲದೆ ಪ್ಲಾಸ್ಟಿಕ್ಕಿನ ಮೇಲೆ ಮಾಡಿದ 10.7 ಇಂಚಿನ 'ಕ್ಯು' ಯಂತ್ರವನ್ನು ಜನವರಿಯಲ್ಲಿ ತೋರಿಸಿತು. ಅಮೆರಿಕದ ಪತ್ರಿಕಾ ಸಂಸ್ಥೆ ಹರ್ಸ್ಟ್‌ನ ಬೆಂಬಲದ ಸ್ಕಿಫ್ ಉಕ್ಕಿನ ತೆಳು ತಗಡಿನ ಮೇಲೆ ಮಾಡಿದ 11.5 ಇಂಚಿನ ಪರದೆಯನ್ನು ಅದೇ ತಿಂಗಳು ತೋರಿಸಿತು. ತಿಂಗಳ ಕೊನೆಗೆ ಆ್ಯಪಲ್ ಐಪ್ಯಾಡ್ ಪ್ರಕಟವಾಯಿತು: ಬಣ್ಣ, ವೀಡಿಯೊ, ಬೆರಳಿಗೆ ತಕ್ಷಣ ಸ್ಪಂದಿಸುವ ಪರದೆ, ಎಲ್ಲ ಸೇರಿ 499 ಡಾಲರು. ಜೂನ್‌ನಲ್ಲಿ ಐರೆಕ್ಸ್ ದಿವಾಳಿಯಾಯಿತು. ಅದೇ ತಿಂಗಳು ಸ್ಕಿಫ್‌ನ ತಂತ್ರಾಂಶವನ್ನಷ್ಟೇ ನ್ಯೂಸ್ ಕಾರ್ಪೊರೇಷನ್ ಕೊಂಡಿತು, ಯಂತ್ರ ಹೊರಬರಲೇ ಇಲ್ಲ. ಆಗಸ್ಟ್‌ನಲ್ಲಿ 'ಕ್ಯು' ರದ್ದಾಯಿತು. ಪತ್ರಿಕಾ ಸಂಸ್ಥೆಗಳು ಇ-ಇಂಕ್ ಮೇಲಿಟ್ಟಿದ್ದ ಆಸೆ ಅಲ್ಲಿಗೆ ಮುಗಿಯಿತು.

ತಂತ್ರಜ್ಞಾನ ಮಾತ್ರ ಉಳಿಯಿತು, ಉಳಿಸಿದವರು ಕಾಗದದ ವ್ಯಾಪಾರಿಗಳು. ತೈವಾನಿನ ದೊಡ್ಡ ಕಾಗದ ತಯಾರಕರಾದ ಯುವೆನ್ ಫೂಂಗ್ ಯು ಸಮೂಹ 1992ರಲ್ಲಿ ಪ್ರೈಮ್ ವ್ಯೂ ಎಂಬ ಪರದೆ ಕಂಪನಿ ಕಟ್ಟಿತ್ತು. ಅದು 2005ರಲ್ಲಿ ಫಿಲಿಪ್ಸ್‌ನ ಇ-ಕಾಗದ ವಿಭಾಗವನ್ನು, 2009ರಲ್ಲಿ 21.5 ಕೋಟಿ ಡಾಲರಿನ ಒಪ್ಪಂದದಲ್ಲಿ ಇ ಇಂಕ್ ಕಂಪನಿಯನ್ನೇ ಕೊಂಡಿತು; ಮರುವರ್ಷ ತಾನೂ ಅದೇ ಹೆಸರಿಟ್ಟುಕೊಂಡಿತು. ಮರದ ತಿರುಳಿನಿಂದ ಕಾಗದ ಮಾಡುವವರು ಅದರ ಬದಲಿಯನ್ನೂ ತಾವೇ ಕೈವಶ ಮಾಡಿಕೊಂಡರು. ಕಿಂಡಲ್‌ನ ಚಿಕ್ಕ ಪರದೆಗಳ ಮಾರಾಟ ತಂದ ಹಣ ದೊಡ್ಡ ಪರದೆಯ ಸಂಶೋಧನೆಗೆ ಆಸರೆಯಾಯಿತು. 2010ರಲ್ಲಿ ಪರ್ಲ್, 2013ರಲ್ಲಿ ಕಾರ್ಟಾ ಎಂಬ ಹೆಚ್ಚು ಬಿಳಿಯ, ಹೆಚ್ಚು ಕಪ್ಪಿನ ಪೀಳಿಗೆಗಳು ಬಂದವು.

ಗಾಜಿನ ತೊಡಕನ್ನು ದಾಟಿಸಿದ್ದು ಮೊಬಿಯಸ್ ಎಂಬ ಹೊಸ ಪರದೆ. ಸೋನಿಯ ಜೊತೆಗೂಡಿ ಇ ಇಂಕ್ ಮಾಡಿದ ಇದರಲ್ಲಿ ವಿದ್ಯುತ್ ಪದರ ಪ್ಲಾಸ್ಟಿಕ್ಕಿನ ಮೇಲಿದೆ. ತೂಕ ಗಾಜಿನ ಪರದೆಯ ಅರ್ಧಕ್ಕಿಂತ ಕಡಿಮೆ, ಬಿದ್ದರೆ ಚೂರಾಗುವ ಭಯವೂ ಕಡಿಮೆ. 2013ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿ ಡಿಪಿಟಿ-ಎಸ್1ರ ಪರದೆ 13.3 ಇಂಚಿನದು. ಎತ್ತರ ಸುಮಾರು 270, ಅಗಲ 203 ಮಿಲಿಮೀಟರ್. ಎ4 ಹಾಳೆ 297ಕ್ಕೆ 210. ಹಾಳೆಯ ಖಾಲಿ ಅಂಚನ್ನು ತೆಗೆದರೆ ಮುದ್ರಿತ ಭಾಗವಷ್ಟೂ ನಿಜದ ಅಳತೆಯಲ್ಲೇ ಕೂರುತ್ತದೆ. ದಪ್ಪ 6.8 ಮಿಲಿಮೀಟರ್, ತೂಕ 358 ಗ್ರಾಂ. ಆ ಅಗಲದ ವಸ್ತು ಅಷ್ಟು ಹಗುರವಾಗಿರುವುದು ಮೊದಲ ಸಲ ಎತ್ತಿದ ಕೈಗೆ ಅನಿರೀಕ್ಷಿತ. ಅದು ಓದುತ್ತಿದ್ದದ್ದು ಪಿಡಿಎಫ್ ಒಂದನ್ನೇ. ಒಳಬೆಳಕಿಲ್ಲ, ಇ-ಪುಸ್ತಕದ ಅಂಗಡಿಯಿಲ್ಲ, ಅಮೆರಿಕದಲ್ಲಿ ಬೆಲೆ 1,100 ಡಾಲರು. ಅಲ್ಲಿ ಅದನ್ನು ಮೊದಲು ಮಾರಿದ್ದು ವಕೀಲರ ಕಡತ ನಿರ್ವಹಿಸುವ ತಂತ್ರಾಂಶದ ಕಂಪನಿಯೊಂದರ ಮೂಲಕ. ಓದಿನ ಯಂತ್ರವೆಂದು ನೋಡಿದರೆ ಇದು ದುಬಾರಿ ಮತ್ತು ಅಸಂಪೂರ್ಣ. ಕಾಗದದ ಕಟ್ಟು ಹೊರುವವರ ಬದಲಿ ಹಾಳೆಯೆಂದು ನೋಡಿದರೆ ಅಲ್ಲಿಯವರೆಗಿನ ಯಾವುದೂ ಇದಕ್ಕೆ ಸಾಟಿಯಿಲ್ಲ. ಎರಡನೆಯ ಕಣ್ಣಿನಿಂದ ನೋಡಿದವರೇ ಅದನ್ನು ಕೊಂಡರು. ಇದರ ಮುಂದಿನ ರೂಪ 2017ರಲ್ಲಿ 349 ಗ್ರಾಂ ತೂಕಕ್ಕೂ ಸುಮಾರು 700 ಡಾಲರಿಗೂ ಇಳಿಯಿತು. ಅದೇ ವರ್ಷ ಜಪಾನಿನಲ್ಲಿ ಇಂಥ ಎರಡು ಪರದೆಗಳನ್ನು ಪುಸ್ತಕದಂತೆ ಜೋಡಿಸಿದ ಗ್ವಿಡೊ ಎಂಬ ಯಂತ್ರ ಸಂಗೀತಗಾರರಿಗೆಂದೇ ಬಂತು; ಸ್ವರಲಿಪಿಯ ಎರಡು ಪುಟ ಎದುರಿಗಿರಬೇಕೆಂಬುದು ಅವರ ನಿತ್ಯದ ಅಗತ್ಯ.

ಪೆನ್ನಿನ ಕಥೆ ಬೇರೆಯೇ ದಾರಿಯದು. ಇಲಿಯಾಡ್‌ನಿಂದ ಹಿಡಿದು ಈ ಬಗೆಯ ಬಹುಪಾಲು ಯಂತ್ರಗಳು ಬಳಸಿದ್ದು ಜಪಾನಿನ ವ್ಯಾಕಾಮ್ ಬೆಳೆಸಿದ ವಿಧಾನ. ಪರದೆಯ ಹಿಂಬದಿಯಲ್ಲಿ ತಂತಿ ಸುರುಳಿಗಳ ಜಾಲರಿ ಇರುತ್ತದೆ, ಅದು ಕಾಂತೀಯ ಸಂಕೇತ ಕಳಿಸುತ್ತದೆ. ಪೆನ್ನಿನೊಳಗಿನ ಪುಟ್ಟ ಸುರುಳಿ ಆ ಸಂಕೇತದಿಂದಲೇ ಶಕ್ತಿ ಪಡೆದು ಮರುನುಡಿಯುತ್ತದೆ. ಒತ್ತಿದಷ್ಟೂ ಮರುನುಡಿಯ ಸ್ವರ ಬದಲಾಗುತ್ತದೆ, ಗೆರೆ ದಪ್ಪವಾಗುತ್ತದೆ. ಪೆನ್ನಿಗೆ ಬ್ಯಾಟರಿ ಬೇಡ. ಜಾಲರಿ ಶಾಯಿಯ ಕೆಳಗೇ ಇರುವುದರಿಂದ ಕಣ್ಣಿಗೂ ಅಕ್ಷರಕ್ಕೂ ನಡುವೆ ಹೆಚ್ಚಿನ ಪದರ ಬರುವುದಿಲ್ಲ. ಮೊನೆ ಎಲ್ಲಿದೆಯೆಂದು ತಿಳಿಯುವುದು ಹೀಗೆ ಸುಲಭವಾಯಿತು, ಅಲ್ಲಿ ಗೆರೆ ಬೇಗ ಮೂಡಿಸುವುದು ಕಷ್ಟವಾಗಿಯೇ ಉಳಿಯಿತು. ಕಣಗಳು ಈಜಿ ಬರಬೇಕು; ಪೆನ್ನು ಅಷ್ಟರಲ್ಲಿ ಮುಂದಿನ ಅಕ್ಷರಕ್ಕೆ ಹೋಗಿರುತ್ತದೆ. ಗೆರೆ ಮೊನೆಯ ಹಿಂದೆ ಎಳೆದುಕೊಂಡು ಬಂದರೆ ಬರೆಯುವವನ ಕೈ ತಾನಾಗಿ ನಿಧಾನವಾಗುತ್ತದೆ, ಅಕ್ಷರ ಕೆಡುತ್ತದೆ.

ಇದನ್ನೇ ಮುಖ್ಯ ಸಮಸ್ಯೆಯೆಂದು ಹಿಡಿದು ಕೂತದ್ದು ನಾರ್ವೆಯ ಒಸ್ಲೊ ನಗರದ ರಿಮಾರ್ಕಬಲ್ ಕಂಪನಿ. ಮಾಗ್ನುಸ್ ವಾನ್‌ಬರ್ಗ್ 2013ರಲ್ಲಿ ಇದನ್ನು ಕಟ್ಟಿದರು, 2016ರ ಕೊನೆಗೆ ಮುಂಗಡ ಕಾಯ್ದಿರಿಸುವಿಕೆ ಶುರುವಾಯಿತು, 2017ರಲ್ಲಿ ಯಂತ್ರ ಗ್ರಾಹಕರ ಕೈಸೇರಿತು. ಪೆನ್ನು ಹಾದ ಚುಕ್ಕಿಗಳಿಗಷ್ಟೇ ತಕ್ಷಣ ವಿದ್ಯುತ್ ಕೊಟ್ಟು, ಬೂದು ಛಾಯೆಗಳ ನಾಜೂಕನ್ನು ಆ ಕ್ಷಣಕ್ಕೆ ಬದಿಗಿಟ್ಟು, ಕಪ್ಪಾಗಲು ತೊಡಗಿದ ಗೆರೆಯನ್ನೇ ಕಣ್ಣಿಗೆ ಕಾಣಿಸುವುದು ಇವರ ಉಪಾಯ. ಪೆನ್ನಿಗೂ ಗೆರೆಗೂ ನಡುವಣ ಅಂತರ ಮೊದಲ ಯಂತ್ರದಲ್ಲಿ 55 ಮಿಲಿಸೆಕೆಂಡ್, 2020ರ ಎರಡನೆಯದರಲ್ಲಿ 21 ಮಿಲಿಸೆಕೆಂಡ್ ಎಂದು ಕಂಪನಿ ಹೇಳಿತು. ಎರಡನೆಯದರ ದಪ್ಪ 4.7 ಮಿಲಿಮೀಟರ್ ಮಾತ್ರ. ಇಷ್ಟೇ ಮುಖ್ಯವಾದದ್ದು ಪರದೆಯ ಮೇಲ್ಮೈ. ನುಣುಪು ಗಾಜಿನ ಮೇಲೆ ಪೆನ್ನು ಜಾರುತ್ತದೆ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಇಲ್ಲಿ ಸ್ವಲ್ಪ ಒರಟಾದ ಪದರವಿದ್ದು ಪೆನ್ನಿನ ತುದಿ ಸವೆಯುವಂಥ ಮೆದುವಸ್ತುವಿನದು. ಬರೆದಾಗ ಸಣ್ಣಗೆ ಸರಸರ ಸದ್ದು ಬರುತ್ತದೆ, ಕೈಗೆ ತಡೆ ಸಿಗುತ್ತದೆ. ತುದಿಯನ್ನು ಆಗಾಗ ಬದಲಿಸಬೇಕಾಗುವುದು ಅದಕ್ಕೆ ತೆರುವ ಬೆಲೆ. ಮೊದಲ ಗಂಟೆಯಲ್ಲೇ ಬಳಕೆದಾರರು ಮೆಚ್ಚುವುದು ಈ ತಡೆಯನ್ನು. ಪರದೆಯ ಹಿನ್ನೆಲೆ ಅಂದುಕೊಂಡಷ್ಟು ಬಿಳಿಯಲ್ಲ, ಹಳೆಯ ಸುದ್ದಿಪತ್ರಿಕೆಯ ಬೂದು ಎಂಬುದು ಅಷ್ಟೇ ಬೇಗ ತಿಳಿಯುತ್ತದೆ. ಸಂಜೆಯಾದರೆ ದೀಪದ ಕೆಳಗೆ ಕೂರಬೇಕು ಎಂಬುದು ಅದರ ಹಿಂದೆಯೇ.

ಬರೆದು ಅಳಿಸಿ ಮತ್ತೆ ಬರೆಯುವ ದೊಡ್ಡ ಪುಟ ಕನ್ನಡನಾಡಿಗೆ ಹೊಸತಲ್ಲ. ಹತ್ತಿಬಟ್ಟೆಯ ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಬಳಿದು ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿದ ಕಡತದಲ್ಲಿ ಶಾನುಭೋಗರೂ ಅಂಗಡಿಕಾರರೂ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಬಟ್ಟೆಯ ಅಗಲ ಎಂಟು ಇಂಚಿನಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ, ಎರಡು ತುದಿಗೂ ಬಣ್ಣ ಹಚ್ಚಿದ ಮರದ ಹಲಗೆ. ಬೇಡವಾದದ್ದನ್ನು ಉಜ್ಜಿ ಅಳಿಸಿ, ಲೇಪ ಮಾಸಿದರೆ ಮತ್ತೆ ಬಳಿದು ಅದೇ ಬಟ್ಟೆಯಲ್ಲಿ ಹೊಸ ಲೆಕ್ಕ ಬರೆಯಬಹುದಿತ್ತು. ಅಳಿಸದೆ ಕಾಪಿಟ್ಟರೆ ಬಹುಕಾಲ ಬಾಳುತ್ತಿತ್ತು; ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಕಡತಗಳು ಇವತ್ತಿಗೂ ಇವೆ. ಅಗಲವಾದ ಪುಟ, ಅಳಿಸುವ ಅನುಕೂಲ, ಇಟ್ಟರೆ ಉಳಿಯುವ ಭರವಸೆ ಮೂರನ್ನೂ ಒಟ್ಟಿಗೆ ಕೊಟ್ಟ ಇನ್ನೊಂದು ಸಾಧನಕ್ಕಾಗಿ ಬರವಣಿಗೆಯ ಲೋಕ ಬಹಳ ಕಾಲ ಕಾಯಬೇಕಾಯಿತು.

ಕನ್ನಡದ ಓದಿಗೆ ದೊಡ್ಡ ಪರದೆ ಇನ್ನೊಂದು ಕಾರಣಕ್ಕೂ ಬೇಕಾಗಿತ್ತು. 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಕಿಂಡಲ್‌ಗೆ ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಹಳೆಯ ಗ್ರಂಥಸಂಪತ್ತು ಡಿಜಿಟಲ್ ರೂಪದಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಪುಟಗಳ ಛಾಯಾಪ್ರತಿಯಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ 2000ದ ದಶಕದ ಆರಂಭದಲ್ಲಿ ಶುರುವಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಹೀಗೆ ಸ್ಕ್ಯಾನ್ ಆದವು. ಛಾಯಾಪ್ರತಿಯ ಸಾಲನ್ನು ಮುರಿದು ಜೋಡಿಸಲಾಗದು, ಇಡೀ ಪುಟವನ್ನೇ ಕುಗ್ಗಿಸಬೇಕು. 1/8 ಡೆಮಿ ಆಕಾರದ ಪುಸ್ತಕದ ಪುಟ ಆರು ಇಂಚಿನ ಪರದೆಗೆ ಇಳಿದರೆ ಅರ್ಧ ಅಳತೆಗಿಂತ ತುಸುವೇ ದೊಡ್ಡದಾಗಿ ಉಳಿಯುತ್ತದೆ. ಹಳೆಯ ಮೊಳೆಯಚ್ಚಿನಲ್ಲಿ ಮೊದಲೇ ಸಣ್ಣದಾಗಿದ್ದ ಒತ್ತಕ್ಷರಗಳು ಮಸಿಯ ಬೊಟ್ಟುಗಳಾಗುತ್ತವೆ. 10.3 ಇಂಚಿನ ಪರದೆಯ ಎತ್ತರ ಸುಮಾರು 209, ಅಗಲ 157 ಮಿಲಿಮೀಟರ್. ಡೆಮಿ ಪುಟ ಅದರಲ್ಲಿ ಬಹುಮಟ್ಟಿಗೆ ಪೂರ್ತಿ ಅಳತೆಯಲ್ಲಿ ಕೂರುತ್ತದೆ, ನಿಘಂಟು ಮತ್ತು ಶಾಸನ ಸಂಪುಟಗಳಂಥ ಇನ್ನೂ ದೊಡ್ಡ ಪುಟಗಳಿಗೆ 13.3 ಇಂಚು ಬೇಕು. ಪೆನ್ನಿನಲ್ಲಿ ಬರೆದದ್ದು ಚಿತ್ರವಾಗಿಯೇ ಉಳಿಯುವುದರಿಂದ ಅಂಚಿನ ಟಿಪ್ಪಣಿಗೆ ಯಂತ್ರ ಕನ್ನಡ ಬಲ್ಲದೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಟಿಪ್ಪಣಿಯನ್ನು ಅಚ್ಚಕ್ಷರಕ್ಕೆ ತಿರುಗಿಸಲು ಹೊರಟಾಗ ಮಾತ್ರ ಆ ಪ್ರಶ್ನೆ ಎದುರಾಗುತ್ತದೆ.

2018ರ ನಂತರ ದೊಡ್ಡ ಪರದೆ ಒಂದೆರಡು ಕಂಪನಿಗಳ ಸೊತ್ತಾಗಿ ಉಳಿಯಲಿಲ್ಲ. ಸೋನಿ 240 ಗ್ರಾಂ ತೂಕದ 10.3 ಇಂಚಿನ ಯಂತ್ರ ತಂದಿತು. ಫುಜಿತ್ಸು ತನ್ನ ಕ್ವಾಡೆರ್ನೊವನ್ನು ಕಾಗದದ ಲೆಕ್ಕದಲ್ಲೇ ಎ4, ಎ5 ಎಂದು ಎರಡು ಅಳತೆಯಲ್ಲಿ ಮಾರಿತು. ಚೀನಾದ ಗುವಾಂಗ್‌ಝೌ ನಗರದ ಆನಿಕ್ಸ್ ಕಂಪನಿಯ ಬೂಕ್ಸ್ ಯಂತ್ರಗಳು ಆಂಡ್ರಾಯ್ಡ್ ಬಳಸಿದ್ದರಿಂದ ಮೈಲ್ಯಾಂಗ್‌ನಂಥ ಕನ್ನಡ ಇ-ಪುಸ್ತಕದ ಆ್ಯಪ್‌ಗಳಿಗೂ ಈ ಪರದೆಯಲ್ಲಿ ಜಾಗ ಸಿಕ್ಕಿತು. 2021ರಲ್ಲಿ ಕೋಬೊ ಕಂಪನಿಯ ಎಲಿಪ್ಸಾ, 2022ರಲ್ಲಿ ಅಮೆಜಾನಿನ ಕಿಂಡಲ್ ಸ್ಕ್ರೈಬ್ ಬಂದವು. ಹದಿಮೂರು ವರ್ಷದ ಹಿಂದೆ ಡಿಎಕ್ಸ್‌ಗೆ ಇಲ್ಲದ ಪೆನ್ನು ಸ್ಕ್ರೈಬ್‌ನ ಜೊತೆಗೇ ಬಂತು. ಇಂಚಿಗೆ 300 ಚುಕ್ಕಿಯ ಮೊದಲ ದೊಡ್ಡ ಪರದೆಗಳಲ್ಲಿ ಅದೂ ಒಂದು.

ಬಣ್ಣದ ಪ್ರಯತ್ನ ಎರಡು ದಾರಿ ಹಿಡಿದಿದೆ. ಕಪ್ಪುಬಿಳಿ ಶಾಯಿಯ ಮೇಲೆ ಕೆಂಪು, ಹಸಿರು, ನೀಲಿಯ ಜರಡಿ ಇಡುವುದು ಒಂದು. ಇದು ಅಗ್ಗ, ವೇಗ, ಆದರೆ ಜರಡಿ ಬೆಳಕು ನುಂಗುವುದರಿಂದ ಪುಟ ಮಂಕಾಗುತ್ತದೆ. ಪ್ರತಿ ಚುಕ್ಕಿಯಲ್ಲೂ ಹಳದಿ, ನೀಲಿಹಸಿರು, ನೇರಳೆಗೆಂಪು, ಬಿಳಿ ಎಂಬ ನಾಲ್ಕು ಬಗೆಯ ಕಣಗಳನ್ನು ತುಂಬುವುದು ಇನ್ನೊಂದು. ಬಣ್ಣ ಮುದ್ರಣದ ಹತ್ತಿರಕ್ಕೆ ಬರುತ್ತದೆ, ನಾಲ್ಕು ಬಗೆಯ ಕಣಗಳನ್ನು ಬೇರ್ಪಡಿಸಿ ಸಾಲಿಗೆ ನಿಲ್ಲಿಸಬೇಕಾದ್ದರಿಂದ ಪುಟ ಬದಲಾಗುವುದು ನಿಧಾನ. ಎರಡನೆಯ ಬಗೆಯ ಗ್ಯಾಲರಿ 3 ಪರದೆಯನ್ನು ಆಧರಿಸಿ, 11.8 ಇಂಚಿನ ರಿಮಾರ್ಕಬಲ್ ಪೇಪರ್ ಪ್ರೊ 2024ರ ಸೆಪ್ಟೆಂಬರಿನಲ್ಲಿ ಬಂತು. ಆ ಕಂಪನಿಯ ಯಂತ್ರದಲ್ಲಿ ಓದುವ ದೀಪ ಬಂದದ್ದು ಅದೇ ಮೊದಲು. ಪೆನ್ನಿನ ಅಂತರವನ್ನು 12 ಮಿಲಿಸೆಕೆಂಡಿಗೆ ಇಳಿಸಿದ್ದಾಗಿ ಕಂಪನಿ ಹೇಳಿತು. ಬಣ್ಣದ ಗೆರೆ ಎಳೆದಾಗ ಅದು ಮೊದಲು ಕಪ್ಪಾಗಿ ಮೂಡಿ, ಪೆನ್ನು ಎತ್ತಿದ ಮೇಲೆ ತನ್ನ ಬಣ್ಣಕ್ಕೆ ತಿರುಗುತ್ತದೆ.